ಹೊರೆ ಎಷ್ಟು ತಾಳೀತು

ಕಾನ್ಸಸ್ಸಿನ ಪಡುವಲಲ್ಲಿ, ಗೋಧಿ ಮುಗಿದು ಗಾಳಿಯೇ ಬೆಳೆಯಾಗುವ ಕಡೆ
ವಾನ್ ಹೌಟ್ ಅಂತ ಒಂದೂರು.
ಆ ಹೆಸರಿನ ಸಾಹುಕಾರ ಇಲ್ಲಿ ಕಾಲಿಟ್ಟವನಲ್ಲ.
ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯಲ್ಲಿ ಕೂತು
ಭೂಪಟದ ಮೇಲೆ ಬೆರಳೆಳೆದ,
ಬೆರಳು ಹೋದಲ್ಲೆಲ್ಲ ಕಂಬಿ ಬಿತ್ತು.
ಮೂರು ಬೀದಿಗಳಿಗೆ ಅವನ ಮೂವರು ಹೆಣ್ಣುಮಕ್ಕಳ ಹೆಸರು.
ಹೆಂಡ್ರಿಕಾ ಬೀದಿಗೆ ಇನ್ನೂ ಟಾರು ಬಿದ್ದಿಲ್ಲ.

ನಾನು ಬಂದದ್ದು ಸೇತುವೆ ತಟ್ಟಿ ನೋಡಲು.
ಸುತ್ತಿಗೆ, ಟಾರ್ಚು, ಮೊಣಕಾಲವರೆಗಿನ ಬೂಟು.
ಗಟ್ಟಿ ಕಲ್ಲು ಕಂಚಿನ ಹಾಗೆ ನುಡಿಯುತ್ತದೆ,
ಟೊಳ್ಳು ಕಲ್ಲು ಸೋರೆ ಬುರುಡೆಯ ಹಾಗೆ.

ಕೌಂಟಿ ಕಚೇರಿಯ ವರ್ಲೀನ್ ಸ್ಟಕಿ
ಹಳೇ ಕಡತ ಎರಡೂ ಕೈಯಲ್ಲಿ ಹೊತ್ತು ತಂದಳು.
ರೈಲು ಪಕ್ಕದೂರಿಗಲ್ಲ, ನಮ್ಮೂರಿಗೇ ಬರಲಿ ಎಂದು
ಇವರೂ ಸಾಲಪತ್ರ ಬರೆದುಕೊಟ್ಟಿದ್ದರು.
ಬಂತು. ಬುಶೆಲ್ ಗೋಧಿಗೆ ಇಪ್ಪತ್ತು ಸೆಂಟು ಹೆಚ್ಚು ಸಿಕ್ಕಿತು,
ಸಾಗಣೆಯ ದರ ಹದಿನೆಂಟನ್ನು ತಿಂದಿತು.
ಉಳಿದೆರಡರಲ್ಲಿ ಒಂದು ಪಿಯಾನೋ, ಒಂದು ಬ್ಯಾಂಕು,
ಎರಡು ಹೋಟೆಲು, ಒಬ್ಬ ಹಲ್ಲಿನ ವೈದ್ಯ.
ಹನ್ನೊಂದನೇ ವರ್ಷ ಕಂಪನಿ ದಿವಾಳಿ.
ಆಮೇಲೆ ಮೂವತ್ತೆಂಟು ವರ್ಷ
ಬಾರದ ರೈಲಿಗೆ ಬಡ್ಡಿ.

'ಅವನೂ ಮುಳುಗಿದನಂತೆ' ಎಂದಳು ವರ್ಲೀನ್,
'ಅವನನ್ನು ನಂಬಿದ ಅಲ್ಲಿಯ ವಿಧವೆಯರೂ.'
ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ
ಅನ್ನುತ್ತಿದ್ದಳು ನಮ್ಮಜ್ಜಿ.
ಈ ಪುಟದಲ್ಲಿ ಬೆರಳಿಟ್ಟು ಹುಡುಕಿದೆ:
ಬರೀ ಕೋಡಂಗಿಗಳು.
ಈರಭದ್ರ ಯಾವ ಕಾಲಮ್ಮಿನಲ್ಲೂ ಇಲ್ಲ.

ಕಂಬಿಯನ್ನು ಎಂದೋ ಗುಜರಿಗೆ ಕಿತ್ತರು.
ಸೇತುವೆ ಉಳಿಯಿತು, ಅದರ ಮೇಲೆ ಜಲ್ಲಿ ಹಾಸಿ
ದನದ ಲಾರಿಗಳು ಓಡಾಡಿದವು.

ಈಗ ಕಡಲಾಚೆಯ ಇನ್ನೊಂದು ದುಡ್ಡು.
ಅರವತ್ತೆರಡು ಗಾಳಿಕಂಬ, ಮೂವತ್ತು ವರ್ಷದ ಕರಾರು.
ಒಂದೊಂದು ರೆಕ್ಕೆಯೂ ಹೆಂಡ್ರಿಕಾ ಬೀದಿಯಷ್ಟುದ್ದ,
ಈ ಕಮಾನಿನ ಮೇಲೆಯೇ ದಾಟಬೇಕು.
ಕಂಬ ನಿಂತ ಹೊಲದವನಿಗೆ ವರ್ಷವರ್ಷ ಬಾಡಿಗೆ,
ಬೇಲಿಯಾಚೆಯವನಿಗೆ ನೆರಳು.
ಇಬ್ಬರೂ ಒಂದೇ ಇಗರ್ಜಿಯಲ್ಲಿ ಈಗ ಬೇರೆ ಬೇರೆ ಬೆಂಚು.

ರೆಫ್ಯೂಹಿಯೋ ಅರೆದೊಂಡೋ ಹಳ್ಳಕ್ಕಿಳಿದು ನನಗೆ ಏಣಿ ಹಿಡಿದ.
ಅವನ ಮುತ್ತಜ್ಜ ಮೆಕ್ಸಿಕೋದಿಂದ ಬಂದು ಇಲ್ಲಿ ಸ್ಲೀಪರು ಹಾಸಿದವನು,
ಗೂಡ್ಸ್ ಡಬ್ಬಿಯೊಳಗೆ ಸಂಸಾರ ಮಾಡಿದವನು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ
ಅನ್ನುತ್ತೇವಲ್ಲ ನಾವು,
ಆ ದುಡ್ಡು ಊರಿಗೆ ಬಂತು,
ಡಬ್ಬಿಸಾಲಿನ ಬಾವಿಗೆ ಮಾತ್ರ ಬರಲಿಲ್ಲ.
ಇವನಿಗೆ ಕಂಬ ಹತ್ತುವ ತರಬೇತಿ ಸಿಕ್ಕಿದೆ,
ಗಂಟೆಗೆ ಇಪ್ಪತ್ತೊಂಬತ್ತು ಡಾಲರು.
'ಮೇಲಿನಿಂದ ಮೂರು ಕೌಂಟಿ ಕಾಣುತ್ತದೆ' ಅಂದ,
ಮುಖದ ತುಂಬ ಬೆಳಕು.
ಆ ಬೆಳಕನ್ನು ಯಾವ ಸುತ್ತಿಗೆಯಿಂದ ತಟ್ಟಲಿ?

ಎಡದ ಕಮಾನು ಕಂಚು. ಬಲದ್ದೂ ಕಂಚು.
ನಡುವಿನ ಬೀಗಗಲ್ಲಿನ ಹತ್ತಿರ, ಒಂದು ಗೇಣು,
ಸೋರೆ ಬುರುಡೆ.
ಫಾರಂನಲ್ಲಿ ಒಂದೇ ಖಾನೆ ಖಾಲಿ: ಎಷ್ಟು ಟನ್ನು?

ರೆಫ್ಯೂಹಿಯೋ ಏಣಿ ಬಿಡದೆ ಮೇಲೆ ನೋಡುತ್ತಿದ್ದಾನೆ.
ಇನ್ನೊಮ್ಮೆ ತಟ್ಟುತ್ತೇನೆ.