ಉಪ್ಪಿನ ಲೆಕ್ಕ

ವಿಲ್ಸನ್ ಗಾರ್ಡನ್ನಿನ ಒಂದು ಕ್ರಾಸಿನ ಮೂಲೆಯಲ್ಲಿ
ಟ್ರಾನ್ಸ್‌ಫಾರ್ಮರಿಗೆ ಬೆನ್ನು ಕೊಟ್ಟು ಕೂತ ಮಾರಮ್ಮನಿಗೆ
ನಾನು ಪೂಜಾರಿ. ಅಪ್ಪನೂ ಅದೇ.
ಬೆಚ್ಚಿದವರಿಗೆ, ಸುಮ್ಮನೆ ಅಳುವವರಿಗೆ,
ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳಿಗೆ
ಹಳದಿ ದಾರಕ್ಕೆ ಮೂರು ಗಂಟು ಹಾಕಿ ಕೊಡುತ್ತೇನೆ.
ಹತ್ತು ರೂಪಾಯಿ. ಇಲ್ಲದವರಿಗೆ ಇಲ್ಲ.

ತಂಗಿ ಮುನಿತಾಯಿ
ಹನ್ನೊಂದು ರಾತ್ರಿ ರೆಪ್ಪೆ ಮುಚ್ಚದೆ,
ಸಿಗ್ನಲ್ ದೀಪಗಳು ತನ್ನ ಹೆಸರು ಹಿಡಿದು ಕರೆಯುತ್ತವೆಂದು
ಹೊಸೂರು ರಸ್ತೆಯ ನಟ್ಟನಡುವೆ ನಿಂತು
ಬಸ್ಸುಗಳಿಗೆ ಆಶೀರ್ವಾದ ಮಾಡತೊಡಗಿದಾಗ
ಬೀದಿಯವರು ಮೊದಲು ಕಾಲಿಗೆ ಬಿದ್ದರು.
ಆಮೇಲೆ ಕಲ್ಲು ಎತ್ತಿಕೊಂಡರು.

ನಾನು ಕಟ್ಟಿದ ದಾರ ಅವಳ ಕೈಯಲ್ಲೇ ಇತ್ತು.

ನಿಮ್ಹಾನ್ಸಿನ ಗೇಟು ನಮಗೆ ದೂರವಲ್ಲ.
ಇಷ್ಟು ವರ್ಷ ಅದರ ಮುಂದೆ ಹಾಯುವಾಗ
ಸಾಲಗಾರನ ಮನೆ ಮುಂದೆ ಹಾಯುವವನಂತೆ ಹಾಯುತ್ತಿದ್ದೆ.
ಅಂದು ಚೀಟಿಯ ಸಾಲಿನಲ್ಲಿ ಹಿಂದೆ ನಿಂತವಳು ಗುರುತು ಹಿಡಿದಳು:
"ಸಾಮಿ, ನೀವು ಇಲ್ಲಿ?"
ಅವಳ ಮಗನ ಕೈಯಲ್ಲೂ
ನನ್ನವೇ ಮೂರು ಗಂಟು.

ಡಾಕ್ಟರಮ್ಮ ಚಿಕ್ಕ ಹುಡುಗಿ, ಧಾರವಾಡದ ಕಡೆಯ ಮಾತು:
"ಈ ಗುಳಿಗಿ ಅಂದ್ರ ಒಂದು ನಮೂನಿ ಉಪ್ಪುರಿ."
ಅವ್ವನ ಮುಖ ಅರಳಿತು.
"ಉಪ್ಪಾ? ಅಮಾಸೆ ಅಮಾಸೆಗೆ
ನಾನೂ ಅದನ್ನೇ ಅಲ್ವೇನವ್ವ ಇವಳಿಗೆ ನಿವಾಳಿಸ್ತಿದ್ದದ್ದು!"
ಹುಡುಗಿ ನಗಲಿಲ್ಲ.
"ನೀವು ಸುತ್ತ ಹಾಕಿದ್ರಿ, ನಾವು ಒಳಗ ಹಾಕತೀವಿ."
ನನಗೆ ಆ ಮಾತು ಹಿಡಿಸಿತು.
ಎಷ್ಟು ಹಿಡಿಸಿತೆಂದರೆ, ಆಮೇಲೆ ಅವಳು
ಊಟದ ಬಗ್ಗೆ ಹೇಳಿದ್ದು ಕಿವಿಗೇ ಬೀಳಲಿಲ್ಲ.

ಮುನಿತಾಯಿ ಮಲಗಿದಳು. ಎದ್ದಳು. ಮತ್ತೆ ಹೂ ಕಟ್ಟಿದಳು.
ಹರಕೆ ತೀರಿಸಬೇಕಲ್ಲ ಎಂದಳು ಅವ್ವ:
ಮಗಳ ಕೈಲಿ ನಲವತ್ತೆಂಟು ದಿನ
ಉಪ್ಪಿಲ್ಲದ ಊಟ.

ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಗಾದೆ ಅಷ್ಟೇ ಹೇಳಿತ್ತು.
ಉಪ್ಪು ಬಿಟ್ಟವರ ಗತಿ ಹೇಳಿರಲಿಲ್ಲ.

ಹತ್ತೊಂಬತ್ತನೆಯ ದಿನ ಲೋಟ ಹಿಡಿದ ಕೈ ನಡುಗಿ
ನೀರೆಲ್ಲ ಸೀರೆಯ ಮೇಲೆ.
ನಾಲಿಗೆ ತೊದಲಿತು. ವಾಂತಿ.
ಅವ್ವ ಕೈ ಮುಗಿದಳು, ಅಮ್ಮ ಮೈಮೇಲೆ ಬಂದಳೆಂದು.
ನಾನು ಆಟೋ ಕರೆದೆ.
ರಕ್ತ ತೆಗೆದು ನೋಡಿದರು. ಊಟದ ಉಪ್ಪು ಇಳಿದು
ಗುಳಿಗೆಯ ಉಪ್ಪು ಏರಿ ಕೂತಿತ್ತು.
ಇಡೀ ರಾತ್ರಿ ನಳಿಕೆಯಲ್ಲಿ
ಹನಿ, ಹನಿ, ಉಪ್ಪುನೀರು.
ನರ್ಸು ದಾರ ಕತ್ತರಿಸಲಿಲ್ಲ,
ಸ್ವಲ್ಪ ಮೇಲಕ್ಕೆ ಸರಿಸಿ ಸೂಜಿ ಚುಚ್ಚಿದಳು.

ಹರಕೆ ಮುರಿಯಲು ಅವ್ವನಿಗೆ ಮಾರಮ್ಮನ ಅಪ್ಪಣೆ ಬೇಕು.
ಎಡಕ್ಕೊಂದು ಬಲಕ್ಕೊಂದು ಹೂ ಅಂಟಿಸಿದೆ.
ಬಲದ್ದಕ್ಕೆ ನೀರು ಕಡಿಮೆ ಹಚ್ಚಿದೆ.
ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ತಾಯಾಣೆ.
ಆದರೂ ಬೀಳಲಿಲ್ಲ ಅದು.
ಅರ್ಧ ಗಂಟೆ. ಅವ್ವನ ತುಟಿ ಒಣಗಿತು, ನನ್ನದೂ.
ಹೋಗಿದ್ದ ಕರೆಂಟು ಬಂದು
ಬೆನ್ನ ಹಿಂದೆ ಟ್ರಾನ್ಸ್‌ಫಾರ್ಮರು ಗುಂಯ್ ಎಂದಾಗ
ಬಿತ್ತು. ಬಲಕ್ಕೇ.
ಯಾರು ಬೀಳಿಸಿದರೆಂದು ಅವ್ವ ಕೇಳಲಿಲ್ಲ.
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಈಗಲೂ ದಾರ ಕಟ್ಟುತ್ತೇನೆ.
ಮೂರನೆಯ ಗಂಟು ಬಿಗಿಯುವ ಮುಂಚೆ
ನಿದ್ದೆ ಬಂದು ಎಷ್ಟು ದಿನವಾಯಿತೆಂದು ಕೇಳುತ್ತೇನೆ.
ಕೆಲವರಿಗೆ ದಾರದ ಜೊತೆ ದಾರಿಯನ್ನೂ ಹೇಳಿ ಕಳಿಸುತ್ತೇನೆ.
ಬೈದುಕೊಂಡು ಹೋದವರೂ ಇದ್ದಾರೆ.

ನಿನ್ನೆ ರಾತ್ರಿ ಗುಳಿಗೆ ನುಂಗಿ
ಚೊಂಬಿನ ನೀರೆಲ್ಲ ಕುಡಿದು
ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ತಂಗಿ ಕೇಳಿದಳು:
"ಅಣ್ಣಾ,
ಆ ದೀಪಗಳು ಈಗ ಯಾರನ್ನ ಕರೀತಿರ್ತವೆ?"