ಇಳಿಯುವುದು ಪುಕ್ಕಟೆ

ವಾರ್ಕೆತಿಲಿಯ ನಮ್ಮ ಕಟ್ಟಡದ ಲಿಫ್ಟಿಗೆ
ಕಾಸು ಹಾಕಿದರಷ್ಟೇ ಮೇಲೇರುವ ಹಟ.
ಇಳಿಯುವುದು ಪುಕ್ಕಟೆ.
ತ್ಬಿಲಿಸಿಯಲ್ಲಿ ಇಳಿಯುವವರ ಹತ್ತಿರ
ಯಾರೂ ದುಡ್ಡು ಕೇಳುವುದಿಲ್ಲ.

ಜಾವ ನಾಲ್ಕಕ್ಕೆ ಎಲ್ಗುಜಾ ಇಳಿಯುತ್ತಾನೆ
ರೊಟ್ಟಿಯ ಒಲೆಗೆ ಬೆಂಕಿ ಹಾಕಲು.
ಅದೇ ಹೊತ್ತಿಗೆ ಜುಜುನಾ ಬರುತ್ತಾಳೆ
ಮೆಟ್ರೋ ನಿಲ್ದಾಣದ ಮೆಟ್ಟಿಲೆಲ್ಲ ಒರೆಸಿ,
ಬೆರಳ ಸಂದಿಯಲ್ಲಿ ಫಿನಾಯಿಲಿನ ವಾಸನೆ.
ಬೆಳಗಾಯಿತು ಅನ್ನುತ್ತಾನೆ ಅವನು.
ರಾತ್ರಿ ಸುಖವಾಗಿರಲಿ ಅನ್ನುತ್ತಾಳೆ ಅವಳು.
ಇಬ್ಬರದೂ ಸರಿ.
ಬಾಗಿಲು ತೆರೆದು ಮುಚ್ಚುವಷ್ಟು,
ದಿನಕ್ಕೆ ಅಷ್ಟೇ ಆ ಸ್ನೇಹದ ಆಯಸ್ಸು.

ಮೊದಲ ಚಳಿಗಾಲ ಅವಳ ಬಳಿ ಚಿಲ್ಲರೆಯಿರಲಿಲ್ಲ.
ಒದ್ದೆ ಕೋಟಿನ ಜೇಬುಗಳನ್ನು
ಕುರಿಯ ಕಿವಿಯಂತೆ ಹೊರಗೆಳೆದು ನಿಂತಿದ್ದಳಂತೆ.
ಅವನು ಮಾತಿಲ್ಲದೆ ಕಾಸಿನ ಪೆಟ್ಟಿಗೆಯ ನೆತ್ತಿಯ ಮೇಲೆ
ಹತ್ತು ತೆತ್ರಿಯ ನಾಣ್ಯವಿಟ್ಟು ಹೋದ.
ಮರುದಿನವೂ ಇಟ್ಟ.
ಅವಳ ಬಳಿ ಚಿಲ್ಲರೆ ಇದ್ದ ದಿನವೂ,
ಅವನ ಹೆಂಡತಿ ತೀರಿಕೊಂಡ ವಾರವೂ.

ಬದಲಿಗೆ ಅವಳು ಕೊಟ್ಟದ್ದು
ಮೆಟ್ರೋದಲ್ಲಿ ಯಾರೋ ಬಿಟ್ಟುಹೋದ ಒಂಟಿ ಕೈಗವಸು.
ಎಡಗೈಯದು.
ವರ್ಷ ಬಿಟ್ಟು ಇನ್ನೊಂದು, ಅದೂ ಎಡಗೈಯದೇ.
ಎರಡನ್ನೂ ತೊಟ್ಟೇ ಕೆಲಸ ಮಾಡುತ್ತಿದ್ದ.
ರೊಟ್ಟಿಗೆ ಎಡಬಲ ಗೊತ್ತಾಗುವುದಿಲ್ಲವಂತೆ.

ಹೋದ ಅಕ್ಟೋಬರಿನಲ್ಲಿ ಹೊಸ ಲಿಫ್ಟ್ ಬಂತು.
ಬಿಟ್ಟಿ. ಅದರಲ್ಲಿ ಕನ್ನಡಿ ಬೇರೆ.
ಪೆಟ್ಟಿಗೆ ಇದ್ದ ಕಡೆ ನುಣ್ಣನೆ ಉಕ್ಕು.
ಐದನೆಯ ಮಹಡಿಯ ಮುದುಕನಂತೂ
ಸುಮ್ಮನೆ ಮೂರು ಸಲ ಏರಿ ಇಳಿದ.

ಆ ಇರುಳು ಎಲ್ಗುಜಾನ ಕೈ
ಇಲ್ಲದ ಪೆಟ್ಟಿಗೆಯ ನೆತ್ತಿಗೆ ಹೋಯಿತು.
ನಾಣ್ಯ ಠಣ್ಣೆಂದು ಬಿದ್ದು ಉರುಳಿತು.
ಇಬ್ಬರೂ ಮಂಡಿಯೂರಿ ಹುಡುಕುತ್ತಿರುವಾಗ
ಬಾಗಿಲು ಮುಚ್ಚಿತು.

ಹನ್ನೆರಡನೆಯ ಮಹಡಿಯಲ್ಲಿ ಗುಂಡಿ ಒತ್ತಿದವನು ನಾನು.
ನನ್ನ ನಾಯಿಗೆ ವಯಸ್ಸಾಗಿದೆ, ಹೊತ್ತುಗೊತ್ತಿಲ್ಲ.
ಬಾಗಿಲು ಸರಿದಾಗ ನೆಲದ ಮೇಲೆ ಇಬ್ಬರು,
ಕನ್ನಡಿಯಲ್ಲಿ ಇನ್ನಿಬ್ಬರು.
ನಗು ತಡೆಯಲಾರದೆ ಅವಳು
ಅವನ ತೋಳು ಹಿಡಿದುಕೊಂಡಿದ್ದಳು.
ಹತ್ತಬೇಡಿ, ಅಂದಳು ನನಗೆ,
ಇಲ್ಲೆಲ್ಲೋ ಹತ್ತು ತೆತ್ರಿ ಬಿದ್ದಿದೆ.

ನಾಯಿಯನ್ನೆತ್ತಿಕೊಂಡು ಮೆಟ್ಟಿಲು ಹಿಡಿದೆ.
ನಾನು ಕೆಳಗೆ ಮುಟ್ಟಿದರೂ
ಲಿಫ್ಟ್ ಇನ್ನೂ ಮೇಲೆಯೇ ಇತ್ತು.

ಅವತ್ತು ಏಳಾದರೂ ನಮ್ಮ ಬೀದಿಗೆ ರೊಟ್ಟಿಯಿಲ್ಲ.
ಸಾಲಿನಲ್ಲಿ ನಿಂತವರೆಲ್ಲ ಬೈದರು.
ನಾನೂ ಬೈದೆ,
ಒಬ್ಬನೇ ಸುಮ್ಮನಿದ್ದರೆ
ಯಾರಾದರೂ ಯಾಕೆಂದು ಕೇಳಿಯಾರು ಎಂದು.