ಎರಡನೆಯ ಪಾಲು

ಖುಲೋ ದಾಟಿ ರಸ್ತೆ ಮುಗಿಯುವಲ್ಲಿ ನಾಜಿಬ್ರೋಲಾಳ ಮನೆ.
ಕಪ್ಪು ಸಮುದ್ರ ಇಲ್ಲಿಗೆ ಕಾಣುವುದಿಲ್ಲ, ಅದರ ಮಂಜು ಮಾತ್ರ
ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುತ್ತ ಹತ್ತಿ ಬಂದು
ಕಿಟಕಿಗೆ ಒರಗುತ್ತದೆ.

ನನ್ನ ಚೀಲದಲ್ಲಿ ತಕ್ಕಡಿ,
ಗ್ರಾಮಿನ ಹತ್ತರಲ್ಲೊಂದು ಪಾಲನ್ನೂ ಬಿಡದ್ದು.
ಮುಚ್ಚಳವಿರುವ ಏಳು ಡಬ್ಬಿ, ದಿನಕ್ಕೊಂದು.
"ಅಜ್ಜಿ, ಉಚಾ ತಿಂದದ್ದನ್ನೇ, ತಿಂದಷ್ಟನ್ನೇ
ಇನ್ನೊಂದು ಸಲ ಇದಕ್ಕೆ ಬಡಿಸಿ.
ಅವನ ಬಾಯಿಯ ನೆರಳು ಇದು ಅಂದುಕೊಳ್ಳಿ."
ಮಾತು ತರಬೇತಿಯದು; ನೆರಳು ನಾನು ಸೇರಿಸಿದ್ದು.

ಊರಿನ ಹನ್ನೊಂದು ಮಕ್ಕಳ ರಕ್ತದಲ್ಲಿ ಸೀಸ.
ಗೋಡೆಗಳಿಗೆ ಬಣ್ಣವೇ ಇಲ್ಲ. ನೀರು ಬಂಡೆಯ ಸಂದಿಯದು.
ಉಳಿದದ್ದು ಒಲೆ.

ಒಲೆಯ ಪಕ್ಕದ ಹಲಗೆಯ ಮೇಲೆ ಗಾಜಿನ ಭರಣಿ,
ಚೆಂಡುಹೂವಿನ ಎಸಳು ಒಣಗಿಸಿ ಕುಟ್ಟಿದ ಪುಡಿ.
ಹೂವು ಸತ್ತ ಮೇಲೆ ಇಷ್ಟು ಹಳದಿ ಇರಬಾರದು.
ನಾನು ಹಾಗೆಂದು ಬರೆಯಲಿಲ್ಲ. ಕಣ್ಣಿನ ಮಾತಿಗೆ ಅಂಕಣವಿಲ್ಲ.

ಸೂತ್ರ ಸರಳ:
ಎಷ್ಟು ತಿಂದ, ಅದರಲ್ಲಿ ಎಷ್ಟಿತ್ತು, ಗುಣಿಸು;
ತಿಂದವನ ತೂಕದಿಂದ ಭಾಗಿಸು.
ಭಾಗಾಕಾರಕ್ಕೆ ಎಳೆಯರೆಂದರೆ ಕರುಣೆಯಿಲ್ಲ.
ಅಜ್ಜಿಯ ಐವತ್ತೊಂದು ಕಿಲೋದಲ್ಲಿ ಹಂಚಿಹೋಗುವುದು
ಉಚಾನ ಹದಿಮೂರೂವರೆಯಲ್ಲಿ ಗುಡ್ಡೆ ಬೀಳುತ್ತದೆ.

ಮೂರನೆಯ ದಿನ ತಕ್ಕಡಿ ಗೊಣಗಿತು.
ಹುಡುಗನ ತಟ್ಟೆಯಲ್ಲಿ ಕೋಳಿಯ ಕತ್ತು, ಅಂಚಿಗೆ ಜೋಳದ ರೊಟ್ಟಿಯ ಚೂರು;
ಡಬ್ಬಿಯಲ್ಲಿ ತೊಡೆ,
ಮೇಲೆ ಅಕ್ರೋಟದ ಗಟ್ಟಿ ಗೊಜ್ಜು, ಎರಡು ಸೌಟು.
"ಅಜ್ಜಿ, ಇದು ಲೆಕ್ಕದ ಡಬ್ಬಿ."
"ಬತೂಮಿಯವರೆಗೆ ಹೋಗುವ ಊಟ. ಅಲ್ಲಿ ಯಾರೋ ತೆರೆಯುತ್ತಾರಲ್ಲ,
ಅವರಿಗೆ ಕತ್ತು ಕಳಿಸಲೆ?"

ಯಾರೂ ಉಣ್ಣುವುದಿಲ್ಲ ಅಜ್ಜಿ,
ರುಬ್ಬುತ್ತಾರೆ, ಆಸಿಡ್ಡಿನಲ್ಲಿ ಕುದಿಸುತ್ತಾರೆ,
ನಿಮ್ಮ ಗೊಜ್ಜು ನೀರಿನಂತೆ ತಿಳಿಯಾಗುವವರೆಗೆ;
ಆಮೇಲೆ ಒಂದು ಜ್ವಾಲೆಗೆ ಊದಿ ಎಣಿಸುತ್ತಾರೆ.
ಹೇಳಲಿಲ್ಲ. ಬಾಯಲ್ಲಿ ಅವಳದೇ ರೊಟ್ಟಿಯಿತ್ತು.
ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ.
ನನಗೆ ಸಂಬಳವೇ ಅದಕ್ಕೆ.

ಐದನೆಯ ದಿನ ನೋಡಿದೆ:
ಕುಟ್ಟುವ ಕಲ್ಲಿನ ತಳಕ್ಕೆ ಬೆರಳಾಡಿಸಿ
ಉಚಾ ನೆಕ್ಕಿದ. ಬೆರಳು ಹಳದಿ, ತುಟಿ ಹಳದಿ,
ನಗು ಕೂಡ.
ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಡುವಿನ ತಿಂಡಿ
ಎಂದು ನಾಲ್ಕು ಕಾಲಂ ನನ್ನ ಬಳಿ.
ನೆಕ್ಕಿದ್ದಕ್ಕೆ ಎಷ್ಟು ಗ್ರಾಂ?

ಯಂತ್ರಕ್ಕೆ ಕಾಣದ್ದನ್ನು ನಾವು ಸೊನ್ನೆ ಎನ್ನುವುದಿಲ್ಲ,
ಅದು ಕಾಣಬಲ್ಲ ಕನಿಷ್ಠದ ಅರ್ಧವನ್ನು ಬರೆದುಕೊಳ್ಳುತ್ತೇವೆ.
ಕಾಣದ್ದರ ಮೇಲೆ ಅರ್ಧ ನಂಬಿಕೆ;
ನಮ್ಮ ವೃತ್ತಿಯ ದೇವರು ಅಷ್ಟೇ.
ಆ ಬೆರಳಿಗೆ ಮಾತ್ರ ಅದನ್ನೂ ಕೊಡಲಾಗಲಿಲ್ಲ.

ಕಡೆಯ ದಿನ ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ
ನನ್ನ ಕೋಟಿನ ಜೇಬಿಗೆ ತುರುಕಿದಳು.
"ನಿನ್ನ ಅಮ್ಮನಿಗೆ. ಈ ಬಣ್ಣ ಎಲ್ಲ ಅಂಗಡಿಯಲ್ಲಿ ಸಿಗಲ್ಲ."

ವರದಿಯ ಅಡಿಯಲ್ಲಿ ಬರೆದೆ:
ಎರಡನೆಯ ಪಾಲು ಮೊದಲನೆಯದಕ್ಕಿಂತ
ಸರಾಸರಿ ಮೂವತ್ತೆಂಟು ಗ್ರಾಂ ಹೆಚ್ಚು;
ಕಾರಣ, ಉಪಚಾರ.
ಮೇಲಿನವರು ಹೊಡೆದುಹಾಕಿ ತಿದ್ದಿದರು:
ಅಳತೆಯ ದೋಷ.

ಏಳು ಡಬ್ಬಿಗೆ ಏಳು ಸಂಖ್ಯೆ ಬಂತು.
ಎಂಟನೆಯದು ಪೊಟ್ಟಣದ್ದು.
ಅದನ್ನು ನೋಡಿ ಪ್ರಯೋಗಾಲಯದ ತೆಂಗೀಜ್
ಎರಡು ಸಲ ಯಂತ್ರ ತೊಳೆದು ಮತ್ತೆ ಓಡಿಸಿದ.
ಅದೇ ಸಂಖ್ಯೆ.

ನಾಳೆ ಹತ್ತಬೇಕು. ಕೈಯಲ್ಲಿ ಒಂದು ಹಾಳೆ.
ಈಗಲೇ ಕೇಳುತ್ತಿದೆ ಅವಳ ದನಿ:
ಮೊದಲು ಕೂರು, ಎರಡು ತುತ್ತು ತಿನ್ನು,
ಅದೇನಿದ್ದರೂ ಆಮೇಲೆ ಹೇಳು.

ಹೇಳಿ ಉಣ್ಣಲೋ,
ಉಂಡು ಹೇಳಲೋ.